ಆಳುಲೆಕ್ಕದ ತೆರಿಗೆ: ಬ್ರಿಟನ್ ಕಲಿತ ಪಾಠ, ನಮಗೆ ಅದರ ಉಪಯೋಗ



ಭೂಮಿಯ ಮೇಲೆ ಕಂದಾಯ, ವರಮಾನದ ಮೇಲೆ ಆದಾಯ ತೆರಿಗೆ, ಸರಕಿನ ಮೇಲೆ ಜಿ.ಎಸ್.ಟಿ. ಈ ಮೂರರ ಪರಿಚಯ ನಮಗೆಲ್ಲ ಇದೆ. ನಾಲ್ಕನೆಯ ಬಗೆಯೊಂದಿದೆ. ಅದು ಭೂಮಿಯನ್ನೂ ನೋಡುವುದಿಲ್ಲ, ಲಾಭವನ್ನೂ ನೋಡುವುದಿಲ್ಲ. ನಾವು ಎಷ್ಟು ಜನರಿಗೆ ಕೆಲಸ ಕೊಟ್ಟಿದ್ದೇವೆ ಎಂದು ತಲೆ ಎಣಿಸಿ, ಅಥವಾ ಎಷ್ಟು ಸಂಬಳ ಬಟವಾಡೆ ಮಾಡಿದ್ದೇವೆ ಎಂದು ಲೆಕ್ಕ ಹಾಕಿ, ಅದರ ಮೇಲೆ ಹಾಕುವ ತೆರಿಗೆ. ಇದಕ್ಕೆ ಉದ್ಯೋಗ ತೆರಿಗೆ ಎನ್ನುತ್ತಾರೆ. ತೋಟಗಾರಿಕೆ ಆಳಿನ ಮೇಲೆ ನಿಂತ ಕಸುಬು. ಕಾಫಿಯ ಹಣ್ಣನ್ನು ಕೈಯಿಂದಲೇ ಕೊಯ್ಯಬೇಕು, ಅಡಿಕೆಯ ಕೊನೆಯನ್ನು ಮರ ಹತ್ತಿ ಇಳಿಸಬೇಕು, ಇಲ್ಲವೇ ದೋಟಿ ಹಿಡಿದು ಎಳೆಯಬೇಕು. ಆದ್ದರಿಂದ ಈ ಬಗೆಯ ತೆರಿಗೆ ಹೇಗೆ ನಡೆಯುತ್ತದೆ, ಯಾವ ಉದ್ಯಮಕ್ಕೆ ಹೆಚ್ಚು ತಟ್ಟುತ್ತದೆ, ಯಾವ ಸೀಮೆಗೆ ಕಡಿಮೆ ತಟ್ಟುತ್ತದೆ ಎಂಬುದನ್ನು ನಾವು ತಿಳಿದಿರಬೇಕು.

ಇದನ್ನು ತಿಳಿಯಲು ಬ್ರಿಟನ್ ದೇಶದ ಅನುಭವಕ್ಕಿಂತ ಒಳ್ಳೆಯ ಪಾಠ ಸಿಕ್ಕದು. ಅಲ್ಲಿ 1966ರಿಂದ 1973ರವರೆಗೆ ‘ಸೆಲೆಕ್ಟಿವ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್’ ಎಂಬ ತೆರಿಗೆ ಇತ್ತು. ಕನ್ನಡದಲ್ಲಿ ಆಯ್ದ ಉದ್ಯೋಗ ತೆರಿಗೆ ಎನ್ನೋಣ. ಏಳು ವರ್ಷವೂ ತುಂಬದೆ ಅದು ಹೋಯಿತು. ಹಾಕಿದವರು ದಡ್ಡರಲ್ಲ, ಉದ್ದೇಶವೂ ಕೆಟ್ಟದಲ್ಲ. ಆದರೂ ಅದು ಹಲವು ಕಡೆ ಎಣಿಸಿದ ಕೆಲಸ ಮಾಡಲಿಲ್ಲ, ಎಣಿಸದ ಕೆಲಸ ಮಾಡಿತು. ಅದಕ್ಕಾಗಿಯೇ ಅದು ಅಭ್ಯಾಸಕ್ಕೆ ಯೋಗ್ಯ.

1. ತೆರಿಗೆ ಏಕೆ ಬಂತು

1966ರ ಮೇ 3ರಂದು ಲೇಬರ್ ಪಕ್ಷದ ಸರ್ಕಾರದ ಅರ್ಥಮಂತ್ರಿ ಜೇಮ್ಸ್ ಕ್ಯಾಲಹನ್ ಅವರು ತಮ್ಮ ಮುಂಗಡಪತ್ರದಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷ ಸೆಪ್ಟೆಂಬರ್ 5ರಿಂದ ಜಾರಿಗೆ ಬಂತು. ಆಗ ಬ್ರಿಟನ್ನಿನ ಪೌಂಡು ಕಷ್ಟದಲ್ಲಿತ್ತು. ಆಮದು ಹೆಚ್ಚು, ರಫ್ತು ಸಾಲದು, ಬೊಕ್ಕಸಕ್ಕೆ ಹಣ ಬೇಕು. ಕಾರ್ಖಾನೆಯಲ್ಲಿ ತಯಾರಾದ ಅನೇಕ ಸರಕುಗಳ ಮೇಲೆ ಮೊದಲೇ ಖರೀದಿ ತೆರಿಗೆ ಇತ್ತು. ಹೋಟೆಲು, ಅಂಗಡಿ, ಕ್ಷೌರ, ಬ್ಯಾಂಕು, ವಿಮೆ ಮೊದಲಾದ ಸೇವೆಗಳ ಮೇಲೆ ಅಂಥದೇನೂ ಇರಲಿಲ್ಲ. ಈ ತಾರತಮ್ಯ ಸರಿಪಡಿಸಬೇಕು ಎಂಬುದು ಒಂದು ವಾದ.

ಎರಡನೆಯ ವಾದ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡಾರ್ ಅವರದು. ಕಾರ್ಖಾನೆಯ ಉತ್ಪತ್ತಿ ಬೆಳೆದಷ್ಟೂ ಒಬ್ಬೊಬ್ಬ ಕೆಲಸಗಾರನ ಉತ್ಪತ್ತಿಯೂ ಬೆಳೆಯುತ್ತದೆ, ಸೇವಾ ಕಸುಬುಗಳಲ್ಲಿ ಹಾಗಾಗುವುದಿಲ್ಲ. ಬ್ರಿಟನ್ನಿನ ಕಾರ್ಖಾನೆಗಳಿಗೆ ಜನರ ಕೊರತೆ ಇದೆ, ಆದ್ದರಿಂದ ಸೇವೆಯಿಂದ ಜನರನ್ನು ಕಾರ್ಖಾನೆಯ ಕಡೆ ತಿರುಗಿಸಬೇಕು ಎಂದು ಅವರ ಅಭಿಪ್ರಾಯ.

ಈ ಕಾಲ್ಡಾರ್ ಅವರ ಹೆಸರು ನಮ್ಮ ದೇಶಕ್ಕೆ ಹೊಸದಲ್ಲ. 1956ರಲ್ಲಿ ಭಾರತಕ್ಕೆ ಬಂದು ನಮ್ಮ ತೆರಿಗೆ ಪದ್ಧತಿಯ ಸುಧಾರಣೆಯ ಬಗ್ಗೆ ವರದಿ ಬರೆದವರು ಇವರೇ. ಅದರ ಹಿಂದೆಯೇ 1957ರಲ್ಲಿ ಸಂಪತ್ತಿನ ತೆರಿಗೆ ಮತ್ತು ವೆಚ್ಚ ತೆರಿಗೆ, 1958ರಲ್ಲಿ ದಾನ ತೆರಿಗೆ ಬಂದವು. ವೆಚ್ಚ ತೆರಿಗೆ ಬೇಗನೆ ಬಿದ್ದುಹೋಯಿತು. ದಾನ ತೆರಿಗೆ 1998ರಲ್ಲಿ, ಸಂಪತ್ತಿನ ತೆರಿಗೆ 2015ರ ಮುಂಗಡಪತ್ರದಲ್ಲಿ ರದ್ದಾದವು. ದೂರದ ಕೇಂಬ್ರಿಜ್‌ನಲ್ಲಿ ಒಬ್ಬ ಪಂಡಿತ ಮಾಡಿದ ಆಲೋಚನೆ ನಮ್ಮ ಪಟ್ಟಿ ಪುಸ್ತಕದವರೆಗೂ ಬರಬಲ್ಲದು ಎಂಬುದಕ್ಕೆ ಇದು ಉದಾಹರಣೆ.

2. ಲೆಕ್ಕದ ರೀತಿ

ಆಗಿನ ಬ್ರಿಟಿಷ್ ನಾಣ್ಯದಲ್ಲಿ 20 ಶಿಲ್ಲಿಂಗಿಗೆ ಒಂದು ಪೌಂಡು, 12 ಪೆನ್ಸಿಗೆ ಒಂದು ಶಿಲ್ಲಿಂಗು. ಪ್ರತಿ ಮಾಲೀಕನೂ ತನ್ನ ಬಳಿ ಕೆಲಸ ಮಾಡುವ ಪ್ರತಿ ಗಂಡಸಿಗೆ ವಾರಕ್ಕೆ 25 ಶಿಲ್ಲಿಂಗು, ಹೆಂಗಸಿಗೆ 12 ಶಿಲ್ಲಿಂಗು 6 ಪೆನ್ಸು ಕಟ್ಟಬೇಕು. 18ಕ್ಕೆ ಕೆಳಗಿನ ಹುಡುಗರಿಗೆ ಹೆಂಗಸರಷ್ಟೇ ದರ, ಹುಡುಗಿಯರಿಗೆ 8 ಶಿಲ್ಲಿಂಗು. ಮೊದಲೇ ಇದ್ದ ರಾಷ್ಟ್ರೀಯ ವಿಮೆಯ ಸ್ಟ್ಯಾಂಪಿನ ಜತೆಗೇ ಇದರ ವಸೂಲಿ. ಆಗ ಕಾರ್ಖಾನೆಯ ಒಬ್ಬ ಗಂಡಾಳಿನ ವಾರದ ಸಂಪಾದನೆ ಸುಮಾರು 20 ಪೌಂಡು. ಅಂದರೆ ತೆರಿಗೆ ಸಂಬಳದ ಸುಮಾರು ಶೇಕಡಾ 6.

ಕಟ್ಟುವುದು ಎಲ್ಲರಿಗೂ ಒಂದೇ. ಹಿಂದಕ್ಕೆ ಪಡೆಯುವುದರಲ್ಲಿ ಮಾತ್ರ ಮೂರು ಪಂಕ್ತಿ.

ಮೊದಲನೆಯ ಪಂಕ್ತಿ ಕಾರ್ಖಾನೆಗಳದು. ಗಂಡಾಳಿಗೆ 25 ಶಿಲ್ಲಿಂಗು ಕಟ್ಟಿದರೆ 32 ಶಿಲ್ಲಿಂಗು 6 ಪೆನ್ಸು ಹಿಂದಕ್ಕೆ ಬರುತ್ತಿತ್ತು. ತಲೆಗೆ 7 ಶಿಲ್ಲಿಂಗು 6 ಪೆನ್ಸು ಲಾಭ.

ಎರಡನೆಯ ಪಂಕ್ತಿ ಬೇಸಾಯ, ಗಣಿ, ಸಾರಿಗೆ, ಸರ್ಕಾರಿ ಸಂಸ್ಥೆಗಳು ಮತ್ತು ಧರ್ಮಸಂಸ್ಥೆಗಳದು. ಕಟ್ಟಿದಷ್ಟೇ ಹಿಂದಕ್ಕೆ. ಲಾಭವಿಲ್ಲ, ನಷ್ಟವಿಲ್ಲ.

ಮೂರನೆಯ ಪಂಕ್ತಿ ಅಂಗಡಿ, ಹೋಟೆಲು, ಬ್ಯಾಂಕು, ವಿಮೆ ಮೊದಲಾದ ಸೇವೆಗಳದು, ಮತ್ತು ಕಟ್ಟಡ ಕೆಲಸದವರದು. ಕಟ್ಟಿದ್ದು ಕಟ್ಟಿದಂತೆಯೇ, ಹಿಂದಕ್ಕೆ ಒಂದು ಪೆನ್ನಿಯೂ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಬೇಸಾಯಗಾರನಿಗೆ ತೆರಿಗೆಯೇ ಇಲ್ಲ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ವಾರವಾರ ಕಟ್ಟಬೇಕು, ವಾಪಸು ಬರುವುದು ಆಮೇಲೆ. ನಡುವಿನ ಅವಧಿಗೆ ಆತನ ಹಣ ಸರ್ಕಾರದ ಬಳಿ ಬಡ್ಡಿಯಿಲ್ಲದ ಸಾಲವಾಗಿ ನಿಂತಿರುತ್ತದೆ. ಕೊಯ್ಲಿಗೆ ಮುಂಚೆ ಕೈಸಾಲಕ್ಕೆ ಬರುವ ನಮ್ಮ ಸದಸ್ಯರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ‘ಹಿಂದಕ್ಕೆ ಕೊಡುತ್ತೇವೆ’ ಎಂಬ ಮಾತು ಮತ್ತು ‘ತೆಗೆದುಕೊಳ್ಳುವುದಿಲ್ಲ’ ಎಂಬ ಮಾತು ಒಂದೇ ಅಲ್ಲ.

3. ಉದ್ಯಮ ಉದ್ಯಮಕ್ಕೂ ವ್ಯತ್ಯಾಸ

ತೆರಿಗೆಯ ದರ ಒಂದೇ ಆದರೂ ಹೊರೆ ಒಂದೇ ಅಲ್ಲ. ಒಟ್ಟು ಖರ್ಚಿನಲ್ಲಿ ಸಂಬಳದ ಪಾಲು ಎಲ್ಲಿ ಹೆಚ್ಚೋ ಅಲ್ಲಿ ಹೊರೆ ಹೆಚ್ಚು. ಎಣ್ಣೆ ಶುದ್ಧಿ ಮಾಡುವ ಸ್ಥಾವರದಲ್ಲಿ ಯಂತ್ರ ಹೆಚ್ಚು, ಜನ ಕಡಿಮೆ. ಹೋಟೆಲಿನಲ್ಲಿ ಜನವೇ ಬಂಡವಾಳ. ಹೋಟೆಲಿಗೆ ತೆರಿಗೆ, ಸ್ಥಾವರಕ್ಕೆ ಬಹುಮಾನ.

ಎರಡನೆಯದು, ತೆರಿಗೆ ಆರಂಭದಲ್ಲಿ ತಲೆಗೆ ಇಷ್ಟು ಎಂದು ಇತ್ತೇ ಹೊರತು ಗಂಟೆಗೆ ಇಷ್ಟು ಎಂದಲ್ಲ. 20 ಪೌಂಡು ಪಡೆಯುವ ಗಂಡಸಿಗೆ 25 ಶಿಲ್ಲಿಂಗು ನೂರಕ್ಕೆ ಆರು ಚಿಲ್ಲರೆ. ಅರ್ಧ ದಿನ ಕೆಲಸ ಮಾಡಿ ವಾರಕ್ಕೆ 4 ಪೌಂಡು ಪಡೆಯುವ ಹೆಂಗಸೊಬ್ಬಳನ್ನು ತೆಗೆದುಕೊಳ್ಳಿ. ಅವಳ ಮೇಲಿನ 12 ಶಿಲ್ಲಿಂಗು 6 ಪೆನ್ಸು ಅವಳ ಸಂಬಳದ ನೂರಕ್ಕೆ ಹದಿನೈದಕ್ಕೂ ಮೇಲೆ. ಅರ್ಧ ದಿನದವರು, ಮುದುಕರು, ಸುಗ್ಗಿಗೆ ಮಾತ್ರ ಬರುವವರು ಮಾಲೀಕನಿಗೆ ದುಬಾರಿಯಾಗಿ ಕಾಣತೊಡಗಿದರು. ಬಡವರ ಮೇಲೆ ತೆರಿಗೆ ಹಾಕಬೇಕೆಂದು ಯಾರೂ ಎಣಿಸಿರಲಿಲ್ಲ. ಲೆಕ್ಕದ ರೀತಿಯೇ ಆ ಕೆಲಸ ಮಾಡಿತು.

ಮೂರನೆಯದು, ಯಾವ ಸಂಸ್ಥೆ ಯಾವ ಪಂಕ್ತಿಗೆ ಸೇರುತ್ತದೆ ಎಂಬ ಜಗಳ. ಅಂಕಿಅಂಶಗಳಿಗಾಗಿ ಮಾಡಿದ್ದ ಉದ್ಯಮಗಳ ವರ್ಗೀಕರಣ ಪಟ್ಟಿಯನ್ನೇ ತೆರಿಗೆಗೂ ಬಳಸಿದರು. ಒಂದು ಆವರಣದಲ್ಲಿ ಎಷ್ಟು ಜನ ತಯಾರಿಕೆಗೆ ಸಂಬಂಧಿಸಿದ ಕೆಲಸದಲ್ಲಿದ್ದಾರೆ, ಎಷ್ಟು ಜನ ಮಾರಾಟ, ಲೆಕ್ಕಪತ್ರಗಳಲ್ಲಿದ್ದಾರೆ ಎಂಬುದರ ಮೇಲೆ ಇಡೀ ಆವರಣದ ಭವಿಷ್ಯ ನಿಂತಿತ್ತು. ಅದೇ ಕಂಪನಿಯ ಗುಮಾಸ್ತ ಕಾರ್ಖಾನೆಯ ಒಳಗೆ ಕೂತರೆ ವಾಪಸು; ಪಟ್ಟಣದ ಬೇರೆ ಕಚೇರಿಯಲ್ಲಿ ಕೂತರೆ ತೆರಿಗೆ. ಒಂದೇ ಆಲೂಗಡ್ಡೆಯನ್ನು ಹೊಲದಲ್ಲಿ ಅಗೆದವನಿಗೆ ವಾಪಸು; ಅಂಗಡಿಯಲ್ಲಿ ತೂಗಿದವನಿಗೆ ತೆರಿಗೆ.

ಈ ಗೆರೆಯ ಜಗಳ ನಮಗೆ ಹೊಸದೇನೂ ಅಲ್ಲ. ಕಾಫಿ ಗಿಡದಲ್ಲಿದ್ದಾಗ ಬೇಸಾಯ. ಪಲ್ಪರಿಗೆ ಹಾಕಿ, ಕಣದಲ್ಲಿ ಒಣಗಿಸಿ, ಕ್ಯೂರಿಂಗ್ ಮಾಡಿದರೆ ಅದು ಬೇಸಾಯವೇ, ಉದ್ಯಮವೇ? ಆದಾಯ ತೆರಿಗೆ ನಿಯಮಗಳಿಗೆ 2002ರಲ್ಲಿ ಸೇರಿಸಿದ 7ಬಿ ನಿಯಮವು ಈ ಗೆರೆ ಎಳೆಯಿತು. ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದವನ ಆದಾಯದಲ್ಲಿ ಶೇಕಡಾ 25 ವ್ಯಾಪಾರದ್ದು, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40 ವ್ಯಾಪಾರದ್ದು ಎಂದು ಅದರಲ್ಲಿ ಹೇಳಿತ್ತು. ಗೆರೆ ಎಲ್ಲಿ ಬಿದ್ದಿತು ಎಂಬುದರ ಮೇಲೆಯೇ ಎಷ್ಟೋ ಬೆಳೆಗಾರರು ಎಲ್ಲಿಯವರೆಗೆ ಸಂಸ್ಕರಣೆ ಮಾಡಬೇಕೆಂದು ನಿರ್ಧರಿಸುತ್ತಾರೆ.

4. ಸೀಮೆ ಸೀಮೆಗೂ ವ್ಯತ್ಯಾಸ

ತೆರಿಗೆಯ ಕಾನೂನಿನಲ್ಲಿ ಮೊದಲು ಯಾವ ಊರಿನ ಹೆಸರೂ ಇರಲಿಲ್ಲ. ಆದರೂ ಅದು ಊರುಗಳ ನಡುವೆ ಭೇದ ಮಾಡಿತು. ಮೋಟಾರು ಕಾರ್ಖಾನೆಗಳಿದ್ದ ಬರ್ಮಿಂಗ್‌ಹ್ಯಾಮ್, ಕೊವೆಂಟ್ರಿಗಳ ಕಡೆ ಮೊದಲ ಪಂಕ್ತಿಯವರೇ ಹೆಚ್ಚು. ಅಲ್ಲಿಗೆ ಹಣ ಹರಿದು ಬಂತು. ಸ್ಕಾಟ್‌ಲೆಂಡಿನ ಗುಡ್ಡನಾಡು, ಕಾರ್ನ್‌ವಾಲ್‌ನ ಕಡಲತೀರ ಮುಂತಾದ ಕಡೆ ಕಾರ್ಖಾನೆ ಕಡಿಮೆ. ಪ್ರವಾಸಿಗರಿಗೆ ಊಟ ವಸತಿ ಕೊಟ್ಟು ಬದುಕುವ ಜನ ಹೆಚ್ಚು. ಅಲ್ಲಿಂದ ಹಣ ಹರಿದು ಹೋಯಿತು. ಮೊದಲೇ ಕೆಲಸ ಸಾಲದೆ ಯುವಕರು ಊರು ಬಿಡುತ್ತಿದ್ದ ಸೀಮೆಯಲ್ಲಿ, ಇದ್ದ ಒಂದು ಕಸುಬಿನ ಮೇಲೆ ತೆರಿಗೆ ಬಿತ್ತು. ಹೋಟೆಲಿನಿಂದ ಹೊರಬಿದ್ದವನು ಕಾರ್ಖಾನೆಗೆ ಹೋಗಲಿ ಎಂಬುದು ಸಿದ್ಧಾಂತ. ಹೋಗುವುದಕ್ಕೆ ಆ ಸೀಮೆಯಲ್ಲಿ ಕಾರ್ಖಾನೆ ಎಲ್ಲಿತ್ತು? ಪ್ರವಾಸಿಗರು ವಿದೇಶೀ ವಿನಿಮಯ ತರುವವರು, ಅವರಿಗೆ ಸೇವೆ ಮಾಡುವುದೂ ರಫ್ತೇ ಅಲ್ಲವೇ ಎಂದು ಹೋಟೆಲಿನವರು ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ.

ಸರ್ಕಾರ ಇದನ್ನು ಕಂಡುಕೊಂಡು ತೇಪೆ ಹಾಕತೊಡಗಿತು. 1967ರ ಸೆಪ್ಟೆಂಬರಿನಲ್ಲಿ ಪ್ರಾದೇಶಿಕ ಉದ್ಯೋಗ ಪ್ರೋತ್ಸಾಹಧನ ಎಂಬ ಇನ್ನೊಂದು ಯೋಜನೆ ಬಂತು. ಸ್ಕಾಟ್‌ಲೆಂಡಿನ ಬಹುಭಾಗ, ವೇಲ್ಸಿನ ಬಹುಭಾಗ, ಉತ್ತರ ಇಂಗ್ಲೆಂಡು, ಮರ್ಸಿಸೈಡ್ ಮೊದಲಾದ ‘ಅಭಿವೃದ್ಧಿ ಪ್ರದೇಶ’ಗಳ ಕಾರ್ಖಾನೆಗಳಿಗೆ ಪ್ರತಿ ಗಂಡಾಳಿಗೆ ವಾರಕ್ಕೆ 30 ಶಿಲ್ಲಿಂಗು. ಹಳೆಯ 7 ಶಿಲ್ಲಿಂಗು 6 ಪೆನ್ಸು ಸೇರಿ 37 ಶಿಲ್ಲಿಂಗು 6 ಪೆನ್ಸು. 1968ರಲ್ಲಿ ಈ ಪ್ರದೇಶಗಳ ಹೊರಗಿನ ಕಾರ್ಖಾನೆಗಳಿಗೆ ಕೊಡುತ್ತಿದ್ದ ಬಹುಮಾನ ನಿಂತಿತು. ಅದೇ ವರ್ಷ ಅಭಿವೃದ್ಧಿ ಪ್ರದೇಶಗಳ ಕೆಲವು ಗ್ರಾಮೀಣ ಭಾಗಗಳ ಹೋಟೆಲುಗಳಿಗೆ ತೆರಿಗೆ ಮರುಪಾವತಿಯೂ ಸಿಕ್ಕಿತು.

ಹೀಗೆ ಉದ್ಯಮಗಳ ನಡುವೆ ಭೇದ ಮಾಡಲು ಹುಟ್ಟಿದ ತೆರಿಗೆ, ಎರಡು ವರ್ಷದೊಳಗೆ ಸೀಮೆಗಳ ನಡುವೆಯೂ ಭೇದ ಮಾಡುವ ಸಾಧನವಾಯಿತು. ಹಿಂದುಳಿದ ಸೀಮೆಯಲ್ಲಿ ಆಳಿನ ಖರ್ಚು ಇಳಿಸಿದರೆ ಅಲ್ಲಿಯ ಸರಕು ಅಗ್ಗವಾಗಿ ಮಾರುಕಟ್ಟೆ ಹಿಡಿಯುತ್ತದೆ, ಜನ ಗುಳೆ ಹೋಗುವುದು ತಪ್ಪುತ್ತದೆ ಎಂಬುದು ಇದರ ತತ್ತ್ವ. ತತ್ತ್ವದಲ್ಲಿ ಹುರುಳಿದೆ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿಸಿಕೊಂಡವರಿಗೆ ಮಾತ್ರವಲ್ಲದೆ ಮೊದಲಿನಿಂದ ಇದ್ದವರಿಗೂ ಹಣ ಕೊಟ್ಟದ್ದರಿಂದ ಖರ್ಚು ಬಹಳವಾಯಿತು. 1977ರ ಜನವರಿಯಲ್ಲಿ ಆ ಪ್ರೋತ್ಸಾಹಧನವೂ ನಿಂತಿತು.

5. ಹೊರೆ ಕೊನೆಗೆ ಯಾರ ಹೆಗಲಿಗೆ

ತೆರಿಗೆ ಕಟ್ಟುವವನೇ ತೆರಿಗೆ ಹೊರುವವನು ಎಂದು ತಿಳಿಯಬಾರದು. ಉದ್ಯೋಗ ತೆರಿಗೆ ಇಳಿಯಲು ಮೂರು ಹೆಗಲುಗಳಿವೆ. ಬೆಲೆ ಏರಿಸಿದರೆ ಗಿರಾಕಿಯ ಹೆಗಲು. ಸಂಬಳ ಏರಿಸದೆ ಹಿಡಿದರೆ, ಇಲ್ಲವೇ ಆಳು ಕಡಿಮೆ ಮಾಡಿದರೆ, ಕೆಲಸಗಾರನ ಹೆಗಲು. ಎರಡೂ ಆಗದಿದ್ದರೆ ಮಾಲೀಕನ ಹೆಗಲು.

ಬ್ರಿಟನ್ನಿನ ಅಂಗಡಿಗಳಲ್ಲಿ ಏನಾಯಿತು ಎಂಬುದನ್ನು ಕೇಂಬ್ರಿಜ್‌ನ ಡಬ್ಲ್ಯು. ಬಿ. ರೆಡ್ಡವೇ ಅವರು ಸರ್ಕಾರದ ಪರವಾಗಿ ಅಧ್ಯಯನ ಮಾಡಿ 1970ರಲ್ಲಿ ಮೊದಲ ವರದಿ, 1973ರಲ್ಲಿ ಅಂತಿಮ ವರದಿ ಕೊಟ್ಟರು. ಅಂಗಡಿಯವರು ತೆರಿಗೆಯನ್ನು ಪೂರಾ ಗಿರಾಕಿಯ ಮೇಲೆ ಹಾಕಲಿಲ್ಲ. ಕಡಿಮೆ ಜನರಿಂದ ಹೆಚ್ಚು ಕೆಲಸ ತೆಗೆದರು ಎಂಬುದು ಅವರು ಕಂಡ ಮುಖ್ಯ ಸಂಗತಿ. ಆದರೆ 1964ರ ಕಾನೂನಿನಿಂದಾಗಿ ಅಂಗಡಿಯವರು ತಯಾರಕ ಗೊತ್ತು ಮಾಡಿದ ಬೆಲೆಗೇ ಮಾರಬೇಕೆಂಬ ಕಟ್ಟು ಅದೇ ಕಾಲಕ್ಕೆ ಹೋಗುತ್ತಿತ್ತು, ಪೈಪೋಟಿ ಬೆಳೆಯುತ್ತಿತ್ತು, ಗಿರಾಕಿಯೇ ಸರಕು ಎತ್ತಿಕೊಳ್ಳುವ ಅಂಗಡಿಗಳು ಹರಡುತ್ತಿದ್ದವು. ಇದರಲ್ಲಿ ತೆರಿಗೆಯ ಪಾಲು ಎಷ್ಟು, ಇತರ ಕಾರಣಗಳ ಪಾಲು ಎಷ್ಟು ಎಂದು ಪಂಡಿತರು ಬಹಳ ಕಾಲ ವಾದಿಸಿದರು.

ಕಟ್ಟಡ ಕೆಲಸದಲ್ಲಿ ಆದದ್ದು ಇನ್ನೂ ಬೋಧಪ್ರದ. ಸ್ವಂತ ಕಸುಬು ಮಾಡುವವನಿಗೆ ಈ ತೆರಿಗೆ ಇಲ್ಲ. ಆದ್ದರಿಂದ ಗಾರೆಯವನನ್ನೂ ಬಡಗಿಯನ್ನೂ ಹಾಜರಿ ಪುಸ್ತಕದಿಂದ ತೆಗೆದು, ‘ನೀನು ಇನ್ನು ಮೇಲೆ ಗುತ್ತಿಗೆದಾರ’ ಎಂದು ಹೇಳಿ, ಮೊದಲಿನ ಕೆಲಸವನ್ನೇ ಮೊದಲಿನ ಜಾಗದಲ್ಲೇ ಒಟ್ಟು ಮೊತ್ತಕ್ಕೆ ವಹಿಸುವ ಪದ್ಧತಿ ಹಬ್ಬಿತು. ಅದನ್ನು ಅಲ್ಲಿ ‘ಲಂಪ್’ ಎಂದು ಕರೆಯುತ್ತಿದ್ದರು. ಮಾಲೀಕನಿಗೆ ತೆರಿಗೆ ಉಳಿಯಿತು. ಆಳಿಗೆ ಕೈಗೆ ನಾಲ್ಕು ಕಾಸು ಹೆಚ್ಚು ಬಂತು. ಆದರೆ ಬಿದ್ದು ಕಾಲು ಮುರಿದಾಗ ಪರಿಹಾರಕ್ಕೆ ಹೊಣೆ ಯಾರು? ರಜೆ ಯಾರು ಕೊಡಬೇಕು? ಎಳೆಯರಿಗೆ ಕೆಲಸ ಕಲಿಸುವವರು ಯಾರು? ಇದರ ವಿಚಾರಣೆಗೆ ಫೆಲ್ಪ್ಸ್ ಬ್ರೌನ್ ಅವರ ಅಧ್ಯಕ್ಷತೆಯ ಸಮಿತಿ ಕೂತು 1968ರಲ್ಲಿ ವರದಿ ಕೊಡಬೇಕಾಯಿತು.

6. ಕೊನೆ

ತೆರಿಗೆಯ ದರ ಎರಡು ಸಲ ಏರಿತು. 1968ರ ಸೆಪ್ಟೆಂಬರಿನಲ್ಲಿ ಗಂಡಾಳಿಗೆ 37 ಶಿಲ್ಲಿಂಗು 6 ಪೆನ್ಸು, 1969ರ ಜುಲೈನಲ್ಲಿ 48 ಶಿಲ್ಲಿಂಗು. ಸರ್ಕಾರ ಬದಲಾದ ಮೇಲೆ 1971ರ ಜುಲೈನಲ್ಲಿ ಅರ್ಧಕ್ಕೆ ಇಳಿಯಿತು. 1973ರ ಏಪ್ರಿಲ್‌ನಲ್ಲಿ ಪೂರ್ತಿ ಹೋಯಿತು. ಅದರ ಜಾಗಕ್ಕೆ ಶೇಕಡಾ 10ರ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್ ಬಂತು.

ಜನರನ್ನು ಕಾರ್ಖಾನೆಗೆ ತಿರುಗಿಸುವ ಉದ್ದೇಶ ಏನಾಯಿತು? ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಅತಿ ಹೆಚ್ಚು ಜನ ಇದ್ದದ್ದು 1966ರಲ್ಲಿಯೇ. ತೆರಿಗೆ ಬಂದ ವರ್ಷದಿಂದಲೇ ಆ ಸಂಖ್ಯೆ ಇಳಿಮುಖವಾಯಿತು. 1970ರ ದಶಕದಲ್ಲಿ ಕಾಲ್ಡಾರ್ ಅವರೇ, ಕಾರ್ಮಿಕರ ಕೊರತೆಯೇ ಮುಖ್ಯ ಅಡಚಣೆ ಎಂಬ ತಮ್ಮ ಮೊದಲಿನ ಮಾತಿನಿಂದ ಹಿಂದೆ ಸರಿದರು. ಬೊಕ್ಕಸಕ್ಕೆ ಹಣ ಬಂತೆಂಬುದು ನಿಜ. ಉಳಿದದ್ದು ಬರಲಿಲ್ಲ.

7. ನಮ್ಮ ತೋಟಗಳಿಗೆ ಇದನ್ನು ಹೊಂದಿಸಿದರೆ

ನಮ್ಮಲ್ಲಿ ಇಂಥ ತೆರಿಗೆ ಇಲ್ಲ. ಆದರೆ ಸಂಬಳಕ್ಕೆ ಅಂಟಿಕೊಂಡು ಬರುವ ಬಾಬುಗಳಿವೆ. ಅವುಗಳನ್ನು ಬೇರೆ ಬೇರೆ ಮಾಡಿ ತಿಳಿಯಬೇಕು.

ವೃತ್ತಿ ತೆರಿಗೆ ನಿಜವಾದ ತೆರಿಗೆ. ಕರ್ನಾಟಕದಲ್ಲಿ 1976ರ ಕಾಯ್ದೆಯಂತೆ ಬಂದದ್ದು. ಸಂವಿಧಾನದ 276ನೆಯ ವಿಧಿ ಇದಕ್ಕೆ ಮಿತಿ ಹಾಕಿದೆ. 1988ರ ತಿದ್ದುಪಡಿಯಿಂದ ಆ ಮಿತಿ ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿ. ಇದು ಸಂಬಳ ಪಡೆಯುವವನ ತೆರಿಗೆ. ಮಾಲೀಕ ಹಿಡಿದು ಕಟ್ಟುತ್ತಾನೆ ಅಷ್ಟೆ. 2023ರಲ್ಲಿ ರಾಜ್ಯವು ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಸಂಬಳದವರನ್ನು ಇದರಿಂದ ಬಿಟ್ಟದ್ದರಿಂದ ತೋಟದ ಕೂಲಿಯವರಿಗೆ ಇದು ತಟ್ಟುವುದು ಅಪರೂಪ.

ಭವಿಷ್ಯನಿಧಿ ತೆರಿಗೆ ಅಲ್ಲ. ಮಾಲೀಕನ ಪಾಲು ಸಾಮಾನ್ಯವಾಗಿ ಸಂಬಳದ ಶೇಕಡಾ 12. ಆಳಿನ ಪಾಲೂ ಅಷ್ಟೇ. ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುವುದಿಲ್ಲ, ಆ ಆಳಿನ ಖಾತೆಗೂ ಪಿಂಚಣಿಗೂ ಹೋಗುತ್ತದೆ. ಆದರೂ ಮಾಲೀಕನ ಕೈಯಿಂದ ಹೊರಡುವಾಗ ಅದರ ನಡೆ ಉದ್ಯೋಗ ತೆರಿಗೆಯಂತೆಯೇ. ಅದರಲ್ಲೂ ಎಣಿಕೆಯ ಹೊಸ್ತಿಲು ನೋಡಿ. 20 ಜನರಾದರೆ ಅನ್ವಯ. ತಿಂಗಳಿಗೆ ತಲಾ 12,000 ರೂಪಾಯಿ ಸಂಬಳ ಎಂದಿಟ್ಟುಕೊಂಡರೆ ಒಬ್ಬರಿಗೆ 1,440. ಇಪ್ಪತ್ತು ಜನಕ್ಕೆ 28,800. ಹತ್ತೊಂಬತ್ತು ಜನರಿದ್ದಾಗ ಇಲ್ಲದ ಖರ್ಚು ಇಪ್ಪತ್ತನೆಯವನು ಬಂದೊಡನೆ ಒಟ್ಟಿಗೇ ಬರುತ್ತದೆ. ಆದ್ದರಿಂದ ಹತ್ತೊಂಬತ್ತು ಜನರನ್ನು ಮಸ್ಟರಿನಲ್ಲಿ ತೋರಿಸಿ, ಉಳಿದವರನ್ನು ಮೇಸ್ತ್ರಿಯ ಗುಂಪು ಎಂದು ತರುವ ಆಸೆ ಹುಟ್ಟುತ್ತದೆ. ಬ್ರಿಟನ್ನಿನ ‘ಲಂಪ್’ ಹುಟ್ಟಿದ್ದು ಇದೇ ರೀತಿ. ಗಸಿ ಮಾಡುವಾಗ ಮರದಿಂದ ಬಿದ್ದವನ ಹೊಣೆ ಮೇಸ್ತ್ರಿ ಹೊರುವುದಿಲ್ಲ. ಮನೆಯವರು ತೋಟದ ಬಾಗಿಲಿಗೇ ಬರುತ್ತಾರೆ, ಬರಬೇಕಾದದ್ದೂ ಅಲ್ಲಿಗೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅಡಿಕೆ ಬೆಳೆಗಾರರಾದ ನಮಗೆ ತಿಳಿಯದ್ದೇನಲ್ಲ.

ಇನ್ನು ಒಂದು ಊಹೆಯ ಲೆಕ್ಕ ಹಾಕೋಣ. ಸಂಬಳದ ಮೇಲೆ ನೂರಕ್ಕೆ 5ರಂತೆ ತೆರಿಗೆ ಬಂತು ಎಂದಿಟ್ಟುಕೊಳ್ಳಿ. ವರ್ಷಕ್ಕೆ 10 ಲಕ್ಷ ಹುಟ್ಟುವಳಿಯ ಕಾಫಿ ತೋಟದಲ್ಲಿ 5 ಲಕ್ಷ ಕೂಲಿ ಎಂದರೆ ತೆರಿಗೆ 25,000. ಅಂದರೆ ಮಾರಿದ ಪ್ರತಿ ನೂರು ರೂಪಾಯಿಗೆ ಎರಡೂವರೆ ರೂಪಾಯಿ. ಒಂದು ಕೋಟಿ ವಹಿವಾಟಿನ ವ್ಯಾಪಾರಿಗೆ 2 ಲಕ್ಷ ಸಂಬಳದ ಖರ್ಚಿದ್ದರೆ ತೆರಿಗೆ 10,000. ನೂರಕ್ಕೆ ಹತ್ತು ಪೈಸೆ. ದರ ಒಂದೇ, ಹೊರೆ ಇಪ್ಪತ್ತೈದು ಪಟ್ಟು ಬೇರೆ.

ಧಾರಣೆ ಅರ್ಧಕ್ಕೆ ಬಿದ್ದ ವರ್ಷ ನೋಡಿ. ಹುಟ್ಟುವಳಿ 5 ಲಕ್ಷ. ಕಳೆ ತೆಗೆಯದೆ, ಗಸಿ ಮಾಡದೆ ಇರಲಾಗದು, ಕೂಲಿ ಇಳಿಯದು. ಲಾಭವಿಲ್ಲದ ಕಾರಣ ಆದಾಯ ತೆರಿಗೆ ಇರುವುದಿಲ್ಲ. ಉದ್ಯೋಗ ತೆರಿಗೆ ಮಾತ್ರ 25,000 ರೂಪಾಯಿ ಹಾಗೆಯೇ ನಿಂತಿರುತ್ತದೆ. ನಷ್ಟದ ವರ್ಷದಲ್ಲೂ ಬಿಡದ ತೆರಿಗೆ ಇದು.

ಇದನ್ನು ಗಿರಾಕಿಯ ಮೇಲೆ ಹಾಕಲು ನಮಗೆ ಸಾಧ್ಯವೇ? ಒಂದು ಲೋಟ ಕಾಫಿಗೆ ಹೋಟೆಲಿನವನು ಎರಡು ರೂಪಾಯಿ ಏರಿಸಬಲ್ಲ. ನಮ್ಮ ಚೀಲದ ಬೆಲೆ ಗೊತ್ತಾಗುವುದು ರೊಬಸ್ಟಾಕ್ಕೆ ಲಂಡನ್ನಿನಲ್ಲಿ, ಅರೇಬಿಕಾಕ್ಕೆ ನ್ಯೂಯಾರ್ಕಿನಲ್ಲಿ. ಬ್ರೆಜಿಲ್ ಮತ್ತು ವಿಯೆಟ್ನಾಂ ದೇಶಗಳ ಫಸಲು ನೋಡಿ ಅಲ್ಲಿ ಧಾರಣೆ ಕಟ್ಟುತ್ತಾರೆಯೇ ಹೊರತು ಸಕಲೇಶಪುರದ ಕೂಲಿ ನೋಡಿ ಅಲ್ಲ. ಕೊಯ್ಲಿನ ಕಾಲದಲ್ಲಿ ಆಳಿನ ಅಭಾವ, ಆದ್ದರಿಂದ ಕೂಲಿಯನ್ನೂ ಇಳಿಸಲಾಗದು, ಹೊರೆ ಬೆಳೆಗಾರನದೇ. ಮಳೆಗಾಲದಲ್ಲಿ ಕೆಲಸ ಕಡಿಮೆ ಇರುವಾಗ ಬೆಳೆಗಾರ ಆಳಿನ ದಿನ ಕಡಿತ ಮಾಡುತ್ತಾನೆ. ಆಗ ಹೊರೆ ಕೂಲಿಯವನದು. ಕೊನೆಗೆ ಎರಡೂ ಸೇರಿ ತೋಟಕ್ಕೆ ಬರುತ್ತದೆ. ಖರ್ಚು ಉಳಿಸಲು ಉದುರು ಕಾಯಿ ಹೆಕ್ಕಿಸದೆ ಬಿಟ್ಟರೆ ಕಾಯಿಕೊರಕ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಒಂದು ಸಲದ ಬೋರ್ಡೋ ಸಿಂಪರಣೆ ತಪ್ಪಿಸಿದರೆ ಅಡಿಕೆಗೆ ಕೊಳೆ ಬರುತ್ತದೆ.

ನಮ್ಮ ಸೀಮೆಗಳ ನಡುವೆಯೂ ವ್ಯತ್ಯಾಸ ಇದ್ದೇ ಇರುತ್ತದೆ. ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಕೆಂಪಡಿಕೆಗೆ ಹಸಿಯಾಗಿ ಸುಲಿದು, ಬೇಯಿಸಿ, ಚೊಗರು ಕೊಟ್ಟು, ಒಣಗಿಸುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯಬೇಕು. ಒಮ್ಮೆಲೇ ಬಹಳ ಆಳು ಬೇಕು. ದಕ್ಷಿಣ ಕನ್ನಡದ ಚಾಲಿಯನ್ನು ಅಂಗಳದಲ್ಲಿ ಒಣಗಿಸಿಟ್ಟು, ಬಿಡುವಾದಾಗ ಮನೆಮಂದಿಯೂ ಸೇರಿ ಸುಲಿಯಬಹುದು. ತಲೆ ಎಣಿಸುವ ತೆರಿಗೆ ಕೆಂಪಡಿಕೆಯವರಿಗೆ ಹೆಚ್ಚು ತಟ್ಟುತ್ತದೆ. ಚನ್ನಗಿರಿ ಕಡೆ ಫಸಲನ್ನು ಚೇಣಿಗೆ ಕೊಡುವ ರೂಢಿ ಇದೆ. ಅಲ್ಲಿ ಆಳಿಗೆ ಮಾಲೀಕ ತೋಟದವನೇ, ಚೇಣಿದಾರನೇ? ಕಾನೂನು ಬರೆಯುವವನಿಗೆ ಈ ಪದವೇ ಗೊತ್ತಿರಲಾರದು. ಮನೆಮಂದಿಯೇ ದುಡಿಯುವ ಎರಡೆಕರೆ ತೋಟಕ್ಕೂ, ಲೈನುಮನೆ ಕಟ್ಟಿ ಕಾಯಂ ಆಳು ಸಾಕುವ ಎಸ್ಟೇಟಿಗೂ ಒಂದೇ ಅಳತೆ ಆಗದು.

8. ಕೇಳಬೇಕಾದ ಆರು ಪ್ರಶ್ನೆಗಳು

ಇನ್ನು ಮುಂದೆ ಆಳಿನ ಮೇಲೆ ಯಾವುದೇ ಹೆಸರಿನ ಬಾಬು ಬಂದರೂ, ಅದು ತೆರಿಗೆ ಇರಲಿ, ವಂತಿಗೆ ಇರಲಿ, ಸೆಸ್ ಇರಲಿ, ಸದಸ್ಯರು ಮೊದಲು ಈ ಆರು ಪ್ರಶ್ನೆ ಕೇಳಿಕೊಳ್ಳಬೇಕು:

(1) ಎಣಿಕೆ ತಲೆಗೋ, ದಿನಕ್ಕೋ, ಸಂಬಳಕ್ಕೋ? ತಲೆಗೆ ಎಂದರೆ ಅರ್ಧ ದಿನದವರಿಗೂ ಸುಗ್ಗಿಯವರಿಗೂ ಅನ್ಯಾಯ.

(2) ನಷ್ಟದ ವರ್ಷದಲ್ಲಿ ಇದು ಇಳಿಯುತ್ತದೆಯೇ?

(3) ಹಿಂದಕ್ಕೆ ಕೊಡುವುದಾದರೆ ಎಷ್ಟು ದಿನಕ್ಕೆ? ನಡುವಿನ ಬಡ್ಡಿ ಯಾರದು?

(4) ನಮ್ಮ ಕಣ, ಪಲ್ಪರ್, ಸುಲಿಯುವ ಅಂಗಳ ಬೇಸಾಯದ ಪಂಕ್ತಿಗೆ ಸೇರುತ್ತವೆಯೇ, ಉದ್ಯಮದ ಪಂಕ್ತಿಗೆ ಸೇರುತ್ತವೆಯೇ?

(5) ಎಷ್ಟನೆಯ ಆಳಿಗೆ ಹೊಸ್ತಿಲು? ಹೊಸ್ತಿಲು ದಾಟಿದಾಗ ಹೊರೆ ಮೆಟ್ಟಿಲಾಗಿ ಏರುತ್ತದೆಯೇ, ಗೋಡೆಯಾಗಿ ನಿಲ್ಲುತ್ತದೆಯೇ?

(6) ಹಣ ಎಲ್ಲಿಗೆ ಹೋಗುತ್ತದೆ? ಆಳಿನ ಖಾತೆಗೋ, ಬೊಕ್ಕಸಕ್ಕೋ?

ಆರನೆಯ ಪ್ರಶ್ನೆಗೆ ‘ಆಳಿನ ಖಾತೆಗೆ’ ಎಂಬ ಉತ್ತರ ಬಂದರೆ ನಾವು ಅದನ್ನು ವಿರೋಧಿಸಬಾರದು. ನಡೆಸುವ ರೀತಿಯನ್ನು ಸರಿ ಮಾಡಿ ಎಂದಷ್ಟೇ ಕೇಳಬೇಕು. ಮುಪ್ಪಿನಲ್ಲಿ ನಾಲ್ಕು ಕಾಸು ಸಿಗುತ್ತದೆ ಎಂಬ ಭರವಸೆ ಇದ್ದರೆ ಮಾತ್ರ ತೋಟದ ಕೆಲಸಕ್ಕೆ ಜನ ಉಳಿಯುತ್ತಾರೆ. ಪಟ್ಟಣದ ಕಡೆ ಮುಖ ಮಾಡಿದ ಹುಡುಗರನ್ನು ಕೂಲಿಯ ದರ ಒಂದರಿಂದಲೇ ಹಿಡಿದು ನಿಲ್ಲಿಸಲಾಗದು.

ಉಳಿದ ಪ್ರಶ್ನೆಗಳಿಗೆ ಉತ್ತರ ಹೇಳಲು ಲೆಕ್ಕ ಬೇಕು. ಬ್ರಿಟನ್ನಿನ ಗುಡ್ಡನಾಡಿನ ಹೋಟೆಲಿನವರಿಗೆ ಮರುಪಾವತಿ ಸಿಕ್ಕಿದ್ದು ಎರಡು ವರ್ಷದ ನಂತರ. ಕಷ್ಟ ಕಂಡದ್ದು ಮೊದಲ ವಾರದಲ್ಲೇ. ನಮ್ಮ ಮನವಿ ಕೇವಲ ಗೋಳಾಗದೆ ಅಂಕಿಯಾಗಿ ಇರಬೇಕಾದರೆ ಪ್ರತಿ ಸದಸ್ಯರೂ ತಮ್ಮ ತೋಟದ ಮೂರು ಸಂಖ್ಯೆಗಳನ್ನು ಬರೆದಿಡಬೇಕು: ವರ್ಷದ ಒಟ್ಟು ಆಳುದಿನ, ಒಟ್ಟು ಬಟವಾಡೆ, ಒಟ್ಟು ಹುಟ್ಟುವಳಿ. ಕೊಯ್ಲಿನ ತಿಂಗಳುಗಳ ಆಳುದಿನವನ್ನು ಬೇರೆಯಾಗಿ ತೋರಿಸಿದರೆ ಇನ್ನೂ ಒಳ್ಳೆಯದು. ಮನೆಮಂದಿಯ ದುಡಿಮೆಯನ್ನೂ ದಿನದ ಲೆಕ್ಕದಲ್ಲಿ ಬರೆಯಿರಿ. ಅದಕ್ಕೆ ಯಾರೂ ಕೂಲಿ ಕೊಡದಿದ್ದರೂ ಅದು ದುಡಿಮೆಯೇ. ಮಸ್ಟರ್ ಪುಸ್ತಕ ಇಲ್ಲದವರು ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಬರೆದರೂ ಸಾಕು. ಮುಂದಿನ ಸರ್ವಸದಸ್ಯರ ಸಭೆಗೆ ಬರುವಾಗ ಆ ಹಾಳೆಯನ್ನು ತನ್ನಿ. ಹೆಸರು ಬೇಕಾಗಿಲ್ಲ, ತಾಲ್ಲೂಕು, ಬೆಳೆ, ಎಕರೆ ಇಷ್ಟಿದ್ದರೆ ಆಯಿತು. ಬೆಳೆವಾರು, ತಾಲ್ಲೂಕುವಾರು ನಾವು ಅದನ್ನು ಒಟ್ಟುಗೂಡಿಸಿ ಇದೇ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ.